ಮೂಸಿ ನೋಡುವ ಮನೆ

“ಇದೇನ್ ಮದ್ವೆ ಊಟವೋ, ತಿಥಿ ಊಟವೋ? ಏನಯ್ಯಾ ಪುಟ್ಟಮಲ್ಲಪ್ಪ, ಗಂಡು ಹೆಣ್ಣು ಇಬ್ರೂ ಬದುಕವ್ರೆ ಕಣಯ್ಯಾ. ಅಲ್ನೋಡು, ಸ್ಟೇಜ್ ಮೇಲ್ ಕುಂತವ್ರೆ!”

ಚಂದಕವಾಡಿಯ ಕಲ್ಯಾಣ ಮಂಟಪದಲ್ಲಿ, ಎರಡನೇ ಪಂಕ್ತಿಯ ನಡುವೆ, ಗಂಡಿನ ಸೋದರಮಾವ ಹೀಗೆ ಕೂಗಿದ. ಇನ್ನೂರು ಜನ ಎಲೆ ಮುಂದೆ ಕೂತಿದ್ದರು. ಮೊದಲು ಅವನ ಅಕ್ಕಪಕ್ಕದವರು ನಕ್ಕರು, ಆಮೇಲೆ ಎದುರು ಸಾಲಿನವರು, ಕೊನೆಗೆ ಏನು ಹೇಳಿದ ಎಂದು ಕೇಳಿಸದವರೂ ನಕ್ಕರು. ಅವನಿಗೆ ಹೆಚ್ಚೆಂದರೆ ಇಪ್ಪತ್ತೆಂಟು ವರ್ಷ. ನಮ್ಮಪ್ಪನಿಗೆ ಐವತ್ತೊಂಬತ್ತು.

“ಮೈಸೂರಲ್ಲಿ ಚೈನೀಸ್ ಕೌಂಟ್ರೇ ಬ್ಯಾರೆ ಇರ್ತದೆ. ಗೋಬಿ, ನೂಡಲ್ಸು, ಬಿಸಿಬಿಸಿ ಕೊಡ್ತಾರೆ. ಈವಯ್ಯ ನೋಡಿದ್ರೆ ಕುಂಬ್ಳುಕಾಯಿ ಹುಳಿ ಹುಯ್ತಾವ್ನೆ. ಇವ್ನ ಕೈಲಿ ಗೋಬಿ ಮಾಡ್ಸುದ್ರೂ ಅದ್ರಲ್ಲೂ ಕುಂಬ್ಳುಕಾಯೇ ಸಿಕ್ತದೆ!”

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು ಎರಡೂ ಕೈ ಮುಗಿದ. “ತಪ್ಪಾಯ್ತು ಬುದ್ಧಿ. ಮುಂದ್ಲ ಸಲ ಅದ್ನೂ ಮಾಡ್ಸವ. ಈಗ ಒಸಿ ಪಾಯ್ಸ ಹಾಕುಸ್ಕಳಿ.”

ಬುದ್ಧಿ! ಮಗನ ವಯಸ್ಸಿನವನಿಗೆ ಬುದ್ಧಿ ಅಂದ. ನನ್ನ ಕೈಯಲ್ಲಿ ಹುಳಿಯ ಬಕೆಟ್ಟಿತ್ತು. ಅದನ್ನು ಅವನ ತಲೆಯ ಮೇಲೆ ಮಗುಚಬೇಕು ಅನ್ನಿಸಿ ಎರಡು ಹೆಜ್ಜೆ ಮುಂದೆ ಹೋದೆ. ಅಪ್ಪನ ಜೊತೆ ಇಪ್ಪತ್ತು ವರ್ಷದಿಂದ ಅಡುಗೆ ಮಾಡುತ್ತಿರುವ ಮಾದಪ್ಪ ನನ್ನ ಮೊಣಕೈ ಹಿಡಿದು ಎಳೆದ. “ಬಡ್ಸಲಾ ಬಸ್ವ. ಬಡ್ಸು, ನಡಿ.”

ನಮ್ಮಪ್ಪ ತೆರಕಣಾಂಬಿಯ ಅಡುಗೆ ಪುಟ್ಟಮಲ್ಲಪ್ಪ. ಸುತ್ತಮುತ್ತ ನಮ್ಮ ಲಿಂಗಾಯತ ಜನರ ಮದುವೆ, ಗೃಹಪ್ರವೇಶ, ಮಠದ ದಾಸೋಹ ಎಲ್ಲದಕ್ಕೂ ಅವನದೇ ಕೈ. ಅವನ ಹೆಸರು ಹರಡಿದ್ದು ರುಚಿಗಿಂತ ಹೆಚ್ಚಾಗಿ ಒಂದು ಕಟ್ಟುಪಾಡಿಗೆ. ಸ್ವಾಮಿಗಳ ಎಡೆ ಬಡಿಸುವ ತನಕ ಅವನ ಒಲೆಯ ಮೇಲಿನದನ್ನು ಯಾರೂ ತುಟಿಗೆ ತಾಗಿಸುವಂತಿಲ್ಲ. ಉಪ್ಪು ನೋಡುವಂತಿಲ್ಲ. ಅವನು ಕೊಪ್ಪರಿಗೆಯ ಮೇಲೆ ಬಾಗಿ, ಅಂಗೈಯಿಂದ ಆವಿಯನ್ನು ಮೂಗಿನ ಕಡೆ ಎಳೆದುಕೊಂಡು, “ಇನ್ನೊಂದ್ ಬೊಗ್ಸೆ ಉಪ್ಪು” ಅಂತಲೋ “ಹುಣಸೆ ಸಾಕು” ಅಂತಲೋ ಹೇಳುತ್ತಾನೆ. ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಮಠದಲ್ಲಿ ಅದಕ್ಕೇ ಶಾಲು ಹೊದಿಸಿದ್ದರು.

ನನ್ನನ್ನು ಒಂಬತ್ತನೇ ಕ್ಲಾಸಿನಿಂದ ಬಿಡಿಸಿ ಈ ಕೆಲಸಕ್ಕೆ ಹಾಕಿದ್ದ. “ಮೂರ್ ವರ್ಸ ತರಕಾರಿ ಹೆಚ್ಚು, ಆಮೇಲೆ ಒಲೆ ನಿಂದು” ಅಂದಿದ್ದ. ಹತ್ತು ವರ್ಷವಾಯಿತು. ಈಗಲೂ ನಾನು ಹೆಚ್ಚುತ್ತೇನೆ, ತೊಳೆಯುತ್ತೇನೆ, ಬಕೆಟ್ ಹೊರುತ್ತೇನೆ. ಒಲೆಗೆ ಮಾತ್ರ ಅಪ್ಪ ಮತ್ತು ಮಾದಪ್ಪ.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ಅದೇ ಕುಂಬಳಕಾಯಿ ಹುಳಿಗೆ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದೆವು. ತಂಗಿ ಶಶಿರೇಖಾ ಗುಂಡ್ಲುಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಸ್ಸಿಗೆ ಹೊತ್ತಾಗುತ್ತಿದ್ದರೂ ಫೋನ್ ಹಿಡಿದು ನಿಂತಿದ್ದಳು.

“ಅಪ್ಪ, ಆ ತಿಥಿ ಊಟ ಅಂದಿದ್ನ ಯಾರೋ ವಿಡಿಯೋ ಮಾಡವ್ರೆ. ಸ್ಟೇಟಸ್‌ಗೆಲ್ಲ ಹಾಕ್ಕಂಡವ್ರೆ. ನಮ್ ಅಂಗ್ಡಿ ಓನರ್ ಫೋನ್‌ಗೂ ಬಂದದೆ.”

“ಬಂದ್ರೆ ಬರ್ಲಿ ಬುಡು.”

“ನೀನ್ಯಾಕೆ ಕೈ ಮುಗ್ದೆ?” ಅಂದೆ ನಾನು.

“ಊಟ ಹಾಕೋನು ಕೈ ಮುಗೀದೆ ಕಾಲೆತ್ತಾನಾ?”

“ಗೋಬಿ ಕಲಿಯನ ಅಪ್ಪ. ಎಲ್ಲಾ ಕಡೆ ಕೇಳ್ತಾವ್ರೆ. ಹೋದ್ ತಿಂಗ್ಳು ಎರಡ್ ಮದ್ವೆ ಮೈಸೂರಿನೋರಿಗೆ ಓದ್ವು.”

“ಕಲಿಯಕ್ಕೆ ಅದ್ನ ತಿನ್ಬೇಕು. ತಿನ್ನಕ್ಕೆ ಆ ಹೋಟ್ಲಿಗೆ ಓಗ್ಬೇಕು. ಅಲ್ಲಿ ಕೋಳಿ, ಕುರಿ, ಕೋಸು ಎಲ್ಲಾ ಒಂದೇ ಮನೆ. ನಮ್ ಒಲೆ ಮುಟ್ಟೋ ಕೈ ಅಲ್ಲಿಗ್ ಓಗಂಗಿಲ್ಲ.”

“ನನ್ ಕೈ ಎಲ್ಲಿ ಒಲೆ ಮುಟ್ತು?”

ಅಜ್ಜಿ ಗುರುಮಲ್ಲಮ್ಮ ಮೂಲೆಯಲ್ಲಿ ಕೂತು ರೊಟ್ಟಿಯನ್ನು ಹುಳಿಯಲ್ಲಿ ನೆನೆಸುತ್ತಿದ್ದವಳು ನಕ್ಕಳು. “ಕೇಳ್ತಾ ಅವ್ನೆ ನೋಡು. ಉತ್ರ ಕೊಡು.” ಅಪ್ಪ ಕೈ ತೊಳೆದು ಎದ್ದ.

ಅವ್ವ ಮಲ್ಲಾಜಮ್ಮ ಸೋಮವಾರ ಹಾಲಿನ ದುಡ್ಡು ತಂದು ನನ್ನ ಜೇಬಿಗೆ ತುರುಕಿದಳು. “ನಾಳೆ ಮಂಗ್ಳಾರ. ಮದ್ವೆ ಇಲ್ಲ. ಚಾಮ್ರಾಜ್‌ನಗರಕ್ಕೆ ಬಾಳೆ ಎಲೆ ಮಂಡಿ ನೋಡಕ್ ಓಯ್ತೀನಿ ಅಂತ ಯೇಳು. ಏನ್ ತಿಂದ್ರೂ ವೆಜ್ಜೇ ತಿನ್ನು ಮೊಗ.”

ಹೀಗೆ ನನ್ನ ಮಂಗಳವಾರಗಳು ಶುರುವಾದವು.

ಮೊದಲ ವಾರ ಬಸ್ ಸ್ಟ್ಯಾಂಡ್ ಹತ್ತಿರದ ಗಾಡಿಯಂಥ ಅಂಗಡಿಗೆ ಹೋದೆ. ಹೆಸರು ಮಾದೇಶ್ವರ ಚೈನೀಸ್ ಕಾರ್ನರ್. ಗೋಬಿಗೆ ಕರಿಬೇವು, ನೂಡಲ್ಸಿಗೆ ಸಾಸಿವೆ ಒಗ್ಗರಣೆ. ನಮ್ಮವ್ವನ ಶಾವಿಗೆ ಉಪ್ಪಿಟ್ಟಿಗೆ ಕ್ಯಾರೆಟ್ ಹಾಕಿದರೆ ಇದೇ ಆಗುತ್ತದೆ. ಎರಡನೆಯದು ವಕೀಲರು ಬರುವ ಏಸಿ ಹೋಟೆಲು. ಸಪ್ಲೈಯರ್ ನನ್ನ ಚಪ್ಪಲಿ ನೋಡಿದ, ಆಮೇಲೆ ಮೆನು ಕಾರ್ಡ್ ಕೊಡುವುದೋ ಬೇಡವೋ ಎಂದು ಯೋಚಿಸಿದ. ಅಲ್ಲಿನ ಸ್ವೀಟ್ ಕಾರ್ನ್ ಸೂಪು ಅಂಗಿಗೆ ಹಾಕುವ ಗಂಜಿಯಂತಿತ್ತು. ಮೂರನೆಯದು ಶಾಂಘೈ ದರ್ಬಾರ್. ಬಾಗಿಲಿಗೆ ಕೆಂಪು ಬುಟ್ಟಿದೀಪ, ಒಳಗೆ ಡ್ರ್ಯಾಗನ್ ಚಿತ್ರ, ಡ್ರ್ಯಾಗನ್ನಿನ ಬಾಲದ ಮೇಲೆ ಮೊಬೈಲ್ ರೀಚಾರ್ಜಿನ ಸ್ಟಿಕ್ಕರ್. ಅಲ್ಲಿನ ಗೋಬಿ ಮಂಚೂರಿಯ ಆವಿ ಮೂಗಿಗೆ ತಾಗಿದಾಗಲೇ ಗೊತ್ತಾಯಿತು, ಕಲಿಯುವುದಾದರೆ ಇಲ್ಲೇ.

ನಾನು ಬೆಳೆದದ್ದು ಮೂಸುತ್ತಾ. ತಟ್ಟೆ ಬಂದರೆ ಮೊದಲು ಬಾಗುತ್ತೇನೆ, ಅಂಗೈಯಿಂದ ಆವಿ ಎಳೆಯುತ್ತೇನೆ. ಮೂರು ತಟ್ಟೆ ತರಿಸಿ ಹಾಗೇ ಮಾಡುತ್ತಿದ್ದಾಗ ಅಡುಗೆಯವನೇ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಹೊರಗೆ ಬಂದ.

“ಏನ್ ತಂಬಿ, ತಿನ್ನಲ್ಲ, ಮೂಸ್ತೀಯ. ಇಲಿ ಬಿದ್ದದೆ ಅನ್ಕಂಡ್ಯಾ? ಇಲ್ಲ ಹೆಲ್ತ್ ಆಫೀಸಿನೋನಾ? ಇಲ್ಲ ಎದ್ರುಗಡೆ ಹೋಟ್ಲಿನೋರು ಕಳ್ಸುದ್ರಾ?”

“ಯಾರೂ ಕಳ್ಸಿಲ್ಲ. ಮದ್ವೆ ಅಡ್ಗೆಯವ್ನು. ಕಲಿಯಕ್ ಬಂದೆ.”

“ಕಲಿಯೋರು ತಿಂತಾರೆ.”

ಅವನ ಹೆಸರು ರಾಜಣ್ಣ, ಪುಣಜನೂರಿನವನು. ಸತ್ಯಮಂಗಲದಲ್ಲಿ ತಟ್ಟೆ ತೊಳೆದು, ಕೋಯಮತ್ತೂರಿನಲ್ಲಿ ಚೈನೀಸ್ ಮಾಸ್ಟರ್ ಆದವನು. “ಚೈನಾ ಕಡೆ ಏನಾದ್ರೂ ಓಗಿದ್ರಾ?” ಎಂದು ಕೇಳಿದೆ. “ನಾನು ಬೆಂಗ್ಳೂರೇ ನೋಡಿಲ್ಲ ಬುಡು” ಅಂದ. ಇನ್ನೂ ಅನುಮಾನ ಹೋಗಿರಲಿಲ್ಲ, ಆದರೂ ಒಳಗೆ ಕರೆದುಕೊಂಡು ಹೋಗಿ ಸಾಸ್ ಬಾಟಲಿಗಳನ್ನು ತೋರಿಸಿದ.

“ವೆಜ್ಜಿಗೆ ಬ್ಯಾರೆ ಬಾಂಡ್ಲಿ ತಾನೆ?” ಎಂದು ಕೇಳಿದೆ.

“ಬ್ಯಾರೇನೇ. ನೋಡು, ಅದ್ರ ಹಿಡಿಗೆ ಹಸ್ರು ಬಟ್ಟೆ ಸುತ್ತಿವ್ನಿ.”

ಹಸಿರು ಬಟ್ಟೆ ನೋಡಿದೆ. ಸಮಾಧಾನವಾಯಿತು.

ಭಾನುವಾರ ದನದ ಕೊಟ್ಟಿಗೆಯಲ್ಲಿ ಸಣ್ಣ ಗ್ಯಾಸ್ ಒಲೆ ಹಚ್ಚಿ ಮೊದಲ ಸಲ ಮಾಡಿದೆ. ಅಪ್ಪ ಮಠಕ್ಕೆ ಹೋಗಿದ್ದ. ಮನೆಯ ಪದ್ಧತಿಯಂತೆ ನಾಲಿಗೆಗೆ ಮುಟ್ಟಿಸದೆ, ಬರೀ ಆವಿ ಹಿಡಿದು ಉಪ್ಪು ಹಾಕಿದೆ. ಶಶಿರೇಖಾ ಒಂದು ಚೂರು ಬಾಯಿಗಿಟ್ಟವಳು ಕೊಟ್ಟಿಗೆಯ ಆಚೆ ಓಡಿ ಉಗಿದಳು.

“ಅಣ್ಣ, ಇದು ಗೋಬಿ ಅಲ್ಲ, ಉಪ್ಪಿನಕಾಯಿ. ಜಾಡಿಗೆ ತುಂಬ್ಸಿಡು!”

ಆಗ ತಿಳಿಯಿತು. ಸೋಯಾ ಸಾಸಿನಲ್ಲೇ ಉಪ್ಪಿದೆ, ಅದನ್ನು ಆವಿ ಹೇಳುವುದಿಲ್ಲ. ವಿನೆಗರ್ ಬಿದ್ದ ಮೇಲಂತೂ ಮೂಗು ಸತ್ತಹಾಗೆ. ನಮ್ಮಪ್ಪನ ವಿದ್ಯೆ ಹುಳಿಗೆ, ಪಾಯಸಕ್ಕೆ ಸರಿ. ಇದಕ್ಕೆ ನಾಲಿಗೆಯೇ ಬೇಕು. ಅವತ್ತು ಮೊದಲ ಬಾರಿಗೆ ಒಲೆಯ ಮೇಲಿದ್ದನ್ನು ಸೌಟಿನಿಂದ ತೆಗೆದು ನೆಕ್ಕಿದೆ. ಕದ್ದಹಾಗಾಯಿತು. ಎರಡನೇ ಸಲ ಹಾಗಾಗಲಿಲ್ಲ.

ಮುಂದಿನ ಮಂಗಳವಾರಗಳಲ್ಲಿ ಶಾಂಘೈ ದರ್ಬಾರಿನ ತಟ್ಟೆ ಖಾಲಿ ಮಾಡಿಯೇ ಏಳುತ್ತಿದ್ದೆ. ಡ್ರೈ, ಗ್ರೇವಿ, ಹಕ್ಕಾ ನೂಡಲ್ಸ್, ಷೆಜ್ವಾನ್ ರೈಸ್. ಕಾರ್ನ್‌ಫ್ಲೋರ್ ಎಷ್ಟು, ಮೈದಾ ಎಷ್ಟು, ಸಕ್ಕರೆ ಯಾವಾಗ ಎಂದು ನಾಲಿಗೆಯಿಂದ ಲೆಕ್ಕ ಹಿಡಿದೆ. ಸಂಜೆ ಮನೆಗೆ ಬಂದರೆ ಹಸಿವಿರುತ್ತಿರಲಿಲ್ಲ.

“ಮಂಗ್ಳಾರ ಮಂಗ್ಳಾರ ಇವ್ನ್ಗೆ ಉಪ್ವಾಸ ಯಾವ್ ದೇವ್ರುದು?” ಎಂದು ಅಪ್ಪ ಅವ್ವನನ್ನು ಕೇಳಿದ.

“ಬಿಸ್ಲು. ಎಲೆ ಮಂಡೀಲಿ ಅಲ್ದು ಸುಸ್ತಾಗಿರ್ತದೆ.”

“ಎಲೆ ಎಲ್ಲಿ?”

ಅವ್ವ ಪಾತ್ರೆ ತಿಕ್ಕತೊಡಗಿದಳು. ಇನ್ನೊಂದು ವಾರ ಅಜ್ಜಿ ನಾನು ಬಿಚ್ಚಿಟ್ಟ ಅಂಗಿಯನ್ನು ಹಿಡಿದು ಮೂಸಿದಳು. ಅಪ್ಪನೂ ಮೂಸಿದ. ನಮ್ಮ ಮನೆಯಲ್ಲಿ ಮಾತು ಕೇಳುವ ಮೊದಲು ಬಟ್ಟೆ ಮೂಸುತ್ತಾರೆ.

ಆಮೇಲೆ ಮಾದಪ್ಪ ಬಂದ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ನನ್ನ ಎದುರಿಗೇ ಹೇಳಿದ. “ಅಣ್ಣ, ಯೇಳ್ಬಾರ್ದು. ಆದ್ರೂ ಯೇಳ್ತೀನಿ. ಬಸ್ವನ್ನ ಆ ಕೋಳಿ ಹೋಟ್ಲಲ್ಲಿ ಕಂಡೆ. ಬಗ್ಗಿ ಬಗ್ಗಿ ತಿಂತಿದ್ದ.”

“ಅವ್ನು ತಿಂತಿದ್ನಂತೆ, ಸರಿ. ನೀನೇನ್ ಅಲ್ಲಿ ಲಿಂಗಪೂಜೆ ಮಾಡಕ್ ಓಗಿದ್ಯಾ?” ಅಜ್ಜಿ ಕೇಳಿದಳು.

“ರೋಡಿಂದ ಕಂಡೆ ಕಣಜ್ಜಿ! ಗಾಜಿನ್ ಬಾಗ್ಲು!”

ಅಪ್ಪ ನಗಲಿಲ್ಲ. ನನ್ನ ಹತ್ತಿರ ಬಂದು ನಿಂತ. “ಕೊರ್ಳಲ್ಲಿರೋ ಲಿಂಗ ಹಿಡ್ಕ. ಹಿಡ್ಕಂಡು ಯೇಳು.”

ನಾನು ಮುಚ್ಚಿಡಲಿಲ್ಲ. ಮಂಗಳವಾರಗಳ ಕಥೆಯನ್ನೆಲ್ಲ ಹೇಳಿದೆ. ಅವ್ವನ ದುಡ್ಡಿನ ವಿಷಯ ಮಾತ್ರ ಬಿಟ್ಟೆ. ಆಮೇಲೆ ಲಿಂಗ ಹಿಡಿದು, “ಕೋಳಿ, ಕುರಿ, ಮೊಟ್ಟೆ ಯಾವ್ದೂ ನನ್ ಬಾಯಿಗ್ ಓಗಿಲ್ಲ. ವೆಜ್ಜು ಬಿಟ್ಟು ಬ್ಯಾರೆ ತಿಂದಿಲ್ಲ” ಅಂದೆ.

“ತಿಂದಿಲ್ಲ ಅಂದ್ಮೇಲೆ ಮುಗೀತಲ್ಲ,” ಅಂದಳು ಅವ್ವ.

ಮುಗಿಯಲಿಲ್ಲ. ಅವತ್ತಿನಿಂದ ಊಟಕ್ಕೆ ಕೂತರೆ ನನ್ನ ತಟ್ಟೆ ಗೋಡೆಯ ಕಡೆ ಒಂದು ಮೊಳ ಸರಿದಿರುತ್ತಿತ್ತು. ಯಾರು ಸರಿಸುತ್ತಿದ್ದರೋ ನಾನು ಕಾಣಲಿಲ್ಲ. ನನ್ನ ಲೋಟಕ್ಕೆ ಬೇರೆ ಯಾರೂ ನೀರು ಬಗ್ಗಿಸಿಕೊಳ್ಳುತ್ತಿರಲಿಲ್ಲ.

ಅದೇ ವಾರ ಗುಂಡ್ಲುಪೇಟೆಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಚಂದ್ರಕುಮಾರ್ ಮನೆಗೆ ಬಂದರು. ಮಗಳು ಸ್ವರ್ಣಲತಾಳ ಮದುವೆ. ಹಿಂದಿನ ಸಂಜೆ ರಿಸೆಪ್ಷನ್, ಬೆಳಿಗ್ಗೆ ಸ್ವಾಮಿಗಳ ಪಾದಪೂಜೆ, ಆಮೇಲೆ ಊಟ.

“ಬೆಳಗ್ಗೆದು ನಿಮ್ದೇ ಕೈ ಆಗ್ಬೇಕು ಪುಟ್ಟಮಲ್ಲಪ್ಪ. ಸ್ವಾಮೇರು ನಿಮ್ ಅಡ್ಗೆ ಬಿಟ್ರೆ ಒಪ್ಪಲ್ಲ. ಆದ್ರೆ ರಾತ್ರೀಗೆ ಮಗ್ಳು ಚೈನೀಸ್ ಕೌಂಟರ್ ಕೇಳ್ತಾಳೆ. ಎರಡಕ್ಕೂ ಎರಡ್ ಟೀಮು ನನ್ ಕೈಲಾಗಲ್ಲ. ನಿಮಗಾಗಲ್ಲ ಅಂದ್ರೆ ಮೈಸೂರಿನೋರ್ಗೇ ಪೂರ್ತಿ ಕೊಟ್ಬಿಡ್ತೀನಿ.”

ಅಪ್ಪ ಟವೆಲಿನ ತುದಿ ತಿರುವುತ್ತಿದ್ದ. ನಾನು ಒಳಗಿನಿಂದ ಬಂದು, “ಅರ್ಧ ಗಂಟೆ ಕೂತ್ಕಳಿ ಸಾರ್” ಅಂದೆ.

ಕೊಟ್ಟಿಗೆಯಿಂದ ಒಲೆ ತಂದು ಅಂಗಳದಲ್ಲೇ ಹಚ್ಚಿದೆ. ಶಶಿರೇಖಾ ಹೂಕೋಸು ಬಿಡಿಸಿದಳು. ಚಂದ್ರಕುಮಾರ್ ಒಂದು ತಟ್ಟೆ ತಿಂದರು, ಇನ್ನೊಂದು ಕೇಳಿದರು, ಮೂರನೆಯದನ್ನು ತಿನ್ನುತ್ತಾ ಬಣ್ಣ ನೋಡಿದರು. “ಕಲರ್ ಹಾಕಿಲ್ಲ ತಾನೆ? ಸರ್ಕಾರ ಅದ್ನ ನಿಲ್ಸಿಬಿಟ್ಟದೆ.”

“ಬ್ಯಾಡಗಿ ಮೆಣಸಿನಕಾಯಿ ನೆನ್ಸಿ ರುಬ್ಬಿವ್ನಿ.”

“ಪುಟ್ಟಮಲ್ಲಪ್ಪ, ಮಗನ್ನ ಇಷ್ಟ್ ದಿನ ಎಲ್ ಬಚ್ಚಿಟ್ಟಿದ್ರಿ?”

ಅವರು ಹೋದ ಮೇಲೆ ಅಪ್ಪ ನನ್ನ ಬಾಂಡ್ಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಆವಿ ಎಳೆದುಕೊಂಡ. “ಇದೊಂದು ಸರ್ಯಾಗಿ ಆದ್ರೆ ಒಲೆ ನಿಂದು. ಈ ಸಲ ಮಾತು ತಪ್ಪಲ್ಲ” ಅಂದ. ನನ್ನ ಎದೆ ತುಂಬಿತು. ಅಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದ. “ಎಲ್ ಕಲ್ತೆ ಅಂತ ನಾನ್ ನೋಡ್ಬೇಕು. ಮಂಗ್ಳಾರ ನಾನೂ ಬತ್ತೀನಿ.”

ಶಾಂಘೈ ದರ್ಬಾರಿನಲ್ಲಿ ಅಪ್ಪ ಕುರ್ಚಿಯ ತುದಿಯಲ್ಲಿ ಕೂತ. ಮನೆಯಿಂದ ನೀರಿನ ಬಾಟಲಿ ತಂದಿದ್ದ. ಡ್ರ್ಯಾಗನ್ನನ್ನು ನೋಡಿ, “ಇದೇನ್ ಓತಿಕ್ಯಾತ?” ಎಂದ. ಸಪ್ಲೈಯರ್ ನಕ್ಕ. ನಾನು ಗ್ರೇವಿ, ನೂಡಲ್ಸ್, ಡ್ರೈ ಮಂಚೂರಿ ಹೇಳಿದೆ.

ಗ್ರೇವಿ ಬಂತು. ಅಪ್ಪ ಬಾಗಿದ. “ಬೆಳ್ಳುಳ್ಳಿ ಸೀದೋಗದೆ. ಶುಂಠಿ ಹಳೇದು. ಟೊಮೆಟೊ ಸಾಸ್‌ಗೆ ಬೆಲ್ಲ ಅಲ್ಲ, ಸಕ್ರೆ.” ನೂಡಲ್ಸ್ ಬಂತು. “ಬೇಯ್ಸಿದ್ ನೀರಿಗೆ ಉಪ್ಪಾಕಿಲ್ಲ. ಎಲೆಕೋಸು ಇವತ್ತಿಂದಲ್ಲ.” ಅಡುಗೆಮನೆಯ ಕಿಂಡಿಯಿಂದ ರಾಜಣ್ಣ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ನನಗೆ ಹೆಮ್ಮೆಯಾಯಿತು. ನೋಡು, ಇವನು ನಮ್ಮಪ್ಪ, ಎಂದು ಕೂಗಬೇಕು ಅನ್ನಿಸಿತು.

ಡ್ರೈ ಮಂಚೂರಿ ಬಂತು. ಅಪ್ಪ ಒಂದು ಚೂರನ್ನು ಬೆರಳಲ್ಲಿ ಹಿಡಿದು ಮುರಿದ. ಒಳಗಿನ ಆವಿ ಮೂಗಿಗೆ ಹಿಡಿದ. ಇನ್ನೊಂದು ಚೂರು ಮುರಿದ. ಮತ್ತೆ ಹಿಡಿದ. ಆಮೇಲೆ ಎರಡನ್ನೂ ತಟ್ಟೆಗೆ ಹಾಕಿ, ಬಾಟಲಿಯ ನೀರಿನಿಂದ ಅಲ್ಲೇ ಟೇಬಲ್ ಪಕ್ಕ ಬೆರಳು ತೊಳೆದುಕೊಂಡ.

“ಮೇಲಕ್ಕೇಳು.”

ಬಸ್ ಸ್ಟ್ಯಾಂಡಿನಲ್ಲಿ ಕೇಳಿದ. “ಎಷ್ಟ್ ವಾರ ತಿಂದೆ?”

“ಐದು.”

“ನುಂಗ್ದಾ?”

“ನುಂಗ್ದೆ ಅಪ್ಪ. ವೆಜ್ಜೇ ಅದು. ಬ್ಯಾರೆ ಬಾಂಡ್ಲಿ. ಹಸ್ರು ಬಟ್ಟೆ...”

“ಬಾಂಡ್ಲಿ ಬ್ಯಾರೆ. ಎಣ್ಣೆ ಒಂದೇ ಕಣ್ಲಾ. ಕೋಳಿ ಕರ್ದ್ ಎಣ್ಣೇಲೇ ಕೋಸು ಕರ್ದವ್ನೆ. ಕರಿಯೋದು ಎಲ್ಲಿ ಅಂತ ಕೇಳಿದ್ಯಾ?”

ಕೇಳಿರಲಿಲ್ಲ. ಲಿಂಗ ಹಿಡಿದು ಹೇಳಿದ ಮಾತು ನೆನಪಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಬಾಯಿಂದ ಜಾರಿಯೂ ಹೋಯಿತು.

“ನಿಂಗೆ ಹೆಂಗ್ ಗೊತ್ತಾಯ್ತು? ಕೋಳಿ ಕರ್ದ್ ಎಣ್ಣೆ ವಾಸ್ನೆ ನಿಂಗೆ ಹೆಂಗ್ ಗೊತ್ತು?”

ಅಪ್ಪನ ಕೈ ಮೇಲಕ್ಕೆ ಹೋಯಿತು. ಬಸ್ಸಿಗೆ ಕಾದಿದ್ದವರು ತಿರುಗಿದರು. ಕೈ ಇಳಿಯಿತು. ತೆರಕಣಾಂಬಿ ಬರುವ ತನಕ ಅವನು ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಮನೆಗೆ ಬಂದವನೇ ತೀರ್ಪು ಹೇಳಿದ. ಒಪ್ಪಿಕೊಂಡ ಮಾತಾದ್ದರಿಂದ ಚಂದ್ರಕುಮಾರ್ ಮನೆಯ ರಿಸೆಪ್ಷನ್ ಕೌಂಟರ್ ಮಾತ್ರ ನಾನು ಮಾಡಬೇಕು. ಅದೂ ಹೊರಗೆ, ಶಾಮಿಯಾನದ ಕೆಳಗೆ. ಅಡುಗೆಮನೆ ಮೆಟ್ಟಿಲು ಹತ್ತಬಾರದು. ಆಮೇಲೆ ಮಠಕ್ಕೆ ಹೋಗಿ ಹೊಸದಾಗಿ ದೀಕ್ಷೆ ತೆಗೆದುಕೊಳ್ಳಬೇಕು. ಒಂದು ವರ್ಷ ಒಲೆ ಇಲ್ಲ, ತರಕಾರಿ ಹೆಚ್ಚುವುದೂ ಇಲ್ಲ.

“ಅವ್ನೇನ್ ಗೊತ್ತಿದ್ದು ತಿಂದ್ನಾ?” ಎಂದು ಅವ್ವ ಜಗಳಕ್ಕೆ ನಿಂತಳು.

“ದುಡ್ ಕೊಟ್ ಕಳ್ಸಿದ್ ನೀನು. ನೀನ್ ಮಾತಾಡ್ಬ್ಯಾಡ.”

ಅವ್ವ ನನ್ನ ಕಡೆ ನೋಡಿದಳು. ನಾನು ಹೇಳಿದೆನೆಂದು ತಿಳಿದಳು. ನಾನು ಹೇಳಿರಲಿಲ್ಲ. ಎರಡು ದಿನ ಅವಳು ನನಗೆ ಊಟ ಬಡಿಸಿದಳೇ ಹೊರತು ಮಾತಾಡಲಿಲ್ಲ. ಶಶಿರೇಖಾಳನ್ನು ಕೇಳಿದರೆ “ನಾನ್ಯಾಕ್ ಯೇಳಲಿ, ನಿನ್ ಗೋಬಿ ಮೇಲಾಣೆ” ಅಂದಳು. ನಮ್ಮ ಮನೆಯಲ್ಲಿ ಯಾರು ಯಾರನ್ನು ನಂಬುತ್ತಿದ್ದರೋ ಗೊತ್ತಾಗದಂತಾಯಿತು.

ಮೂರನೇ ದಿನ ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಕಂಬಕ್ಕೆ ಒರಗಿ ಬೈಯುತ್ತಿದ್ದೆ. ಅಪ್ಪನನ್ನು, ಮಾದಪ್ಪನನ್ನು, ರಾಜಣ್ಣನ ಎಣ್ಣೆಯನ್ನು.

“ಬಾಯ್ ಮುಚ್ಕಂಡು ಇಲ್ ಕೂರು,” ಅಂದಳು. ಬೀದಿಯ ಎರಡೂ ಕಡೆ ನೋಡಿದಳು. “ನಿಮ್ಮಪ್ಪ ಮಡಿವಂತ ಅಂತ ಮೂಸ್ತಾನೆ ಅನ್ಕಂಡಿದ್ದೀಯಾ?”

“ಮತ್ತೆ?”

“ನಿಮ್ ತಾತ ಸತ್ತಾಗ ಅವ್ನ್ಗೆ ಹತ್ತೊಂಬತ್ತು. ಇಲ್ಲಿ ಕೆಲ್ಸ ಇರ್ಲಿಲ್ಲ. ಒಬ್ಬ ಮಲಯಾಳಿ ಮೇಸ್ತ್ರಿ ಜೊತೆ ಗೂಡ್ಲೂರಿಗೆ ಓದ. ಟೀ ಎಸ್ಟೇಟ್ ಮೆಸ್ಸು. ನಲವತ್ತು ಜನಕ್ಕೆ ದಿನಾ ಕೋಳಿ, ಮೀನು. ಎರಡ್ ವರ್ಸ ಬೇಯ್ಸಿ ಹಾಕವ್ನೆ. ಬಾಯಿಗೆ ಒಂದ್ ತೊಟ್ಟು ಹಾಕ್ಕಂಡಿಲ್ಲ. ರುಚಿ ನೋಡಂಗಿಲ್ಲ, ಉಪ್ಪು ಕಮ್ಮಿ ಆದ್ರೆ ಬೈತಾರೆ. ಏನ್ ಮಾಡ್ತಾನೆ? ಮೂಸಿ ಮೂಸಿ ಕಲ್ತ.”

ನನಗೆ ನಗು ಬಂತೋ ಸಿಟ್ಟು ಬಂತೋ. “ಮಠದೋರು ಶಾಲು ಹೊದ್ಸಿದ್ದು ಅದಕ್ಕಾ?”

“ಬಂದ್ಮೇಲೆ ದೀಕ್ಷೆ ತಕಂಡ. ತಿಂದಿಲ್ಲ, ಆದ್ರೂ ತಕಂಡ. ಊರಿಗ್ ಗೊತ್ತಿಲ್ಲ. ನಿಮ್ಮವ್ವಂಗೂ ಗೊತ್ತಿಲ್ಲ. ಗೊತ್ತಾದ್ ದಿನ ಒಬ್ರೂ ಅವ್ನ ಒಲೆ ತಾವ ನಿಲ್ಲಲ್ಲ. ನಿನ್ ಹೊಟ್ಟೇಲಿ ಇರ್ಲಿ.”

ನನ್ನ ಹೊಟ್ಟೆಯಲ್ಲಿ ಅದು ಸಂಜೆಯ ತನಕವೂ ಇರಲಿಲ್ಲ. ಅಪ್ಪ ಬಾನಿಯ ಹತ್ತಿರ ದನಕ್ಕೆ ನೀರು ಕುಡಿಸುತ್ತಿದ್ದ. ಹೋಗಿ ನಿಂತೆ.

“ನಾನು ಗೊತ್ತಿಲ್ದೆ ತಿಂದೆ. ಒಂದ್ ವರ್ಸ ಹೊರ್ಗೆ. ಗೊತ್ತಿದ್ದೂ ಬೇಯ್ಸಿದೋರ್ಗೆ ಎಷ್ಟ್ ವರ್ಸ?”

“ಏನಂದೆ?”

“ಗೂಡ್ಲೂರ್ ಎಸ್ಟೇಟ್ ಅಂದೆ.”

ಅಪ್ಪ ಹಗ್ಗ ಬಿಟ್ಟ. ಹಸು ಎರಡು ಹೆಜ್ಜೆ ಆಚೆ ಹೋಯಿತು. “ಯಾರ್ ಯೇಳುದ್ರು?”

“ನಿನ್ ಮೂಗೇ ಯೇಳ್ತು.”

ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವತ್ತಿನಿಂದ ನನ್ನನ್ನು ಕಾಯತೊಡಗಿದ. ಅವ್ವ ನನ್ನ ಹತ್ತಿರ ಬಂದರೆ ಒಳಗಿನಿಂದ ಕೆಮ್ಮುತ್ತಿದ್ದ. ಮಾದಪ್ಪ ಬಂದರೆ ನಮ್ಮಿಬ್ಬರ ನಡುವೆ ಬಂದು ಕೂರುತ್ತಿದ್ದ. ನಾನು ಫೋನ್ ತೆಗೆದರೆ “ಯಾರ್ಗೆ?” ಎಂದು ಕೇಳುತ್ತಿದ್ದ. ಅಜ್ಜಿಯೊಡನೆ ಮಾತು ಬಿಟ್ಟ. ಮದುವೆಗೆ ಇನ್ನು ಒಂದು ವಾರವಿತ್ತು.

ರಿಸೆಪ್ಷನ್ ಗುಂಡ್ಲುಪೇಟೆಯ ಊಟಿ ರಸ್ತೆಯ ಕಲ್ಯಾಣ ಮಂಟಪದಲ್ಲಿ. ನನ್ನ ಎರಡು ಒಲೆಗಳನ್ನು ಜನರೇಟರಿನ ಪಕ್ಕ, ಶಾಮಿಯಾನದ ಕೊನೆಗೆ ಹಾಕಿದ್ದರು. ಹೊಸ ಬಾಂಡ್ಲಿ, ಹೊಸ ಎಣ್ಣೆ, ನನ್ನ ಕೈಯಾರೆ ತಂದದ್ದು. ಸಂಜೆ ಏಳಕ್ಕೆ ಗೋಬಿ ಎಣ್ಣೆಗೆ ಬಿತ್ತು. ಏಳೂವರೆಗೆ ಸಾಲು ಗೇಟಿನ ತನಕ ಬೆಳೆದಿತ್ತು. ಹುಡುಗಿಯರು ನೂಡಲ್ಸ್ ತಟ್ಟೆ ಹಿಡಿದು ಫೋಟೋ ತೆಗೆಸಿಕೊಂಡರು. ಮದುಮಗಳು ಸ್ವರ್ಣಲತಾ ಸ್ಟೇಜಿನಿಂದ ಎರಡು ಸಲ ತರಿಸಿಕೊಂಡಳು. ಒಬ್ಬ ಮುದುಕರು ಮೂರನೇ ಸಲ ಬಂದು, “ಹಲ್ಲಿಲ್ಲ ಕಣಪ್ಪ, ಮೆತ್ಗಿರೋದ್ನ ಆರ್ಸಿ ಹಾಕು” ಅಂದರು. ನನ್ನ ತೋಳು ನೋಯುತ್ತಿತ್ತು. ಜೀವನದಲ್ಲಿ ಮೊದಲ ಸಲ ಒಲೆ ನನ್ನದಾಗಿತ್ತು.

ಆಗ ಚಂದ್ರಕುಮಾರ್ ಬಂದರು, ಮುಖ ಅರಳಿಸಿಕೊಂಡು. ಅವರ ಹಿಂದೆ ಮಾದಪ್ಪ ಇದ್ದ.

“ಏನ್ ಕೈಯಪ್ಪ ನಿಂದು! ಬೆಳಗ್ಗೆ ಸ್ವಾಮೇರ ಎಡೆಗೂ ನೀನೇ ಒಂದು ಪಲ್ಯ ಮಾಡ್ಬಿಡು. ನಾನ್ ಹೇಳ್ದೆ ಅಂತ ನಿಮ್ಮಪ್ಪಂಗೆ ಹೇಳು.”

“ಅದಾಗಲ್ಲ ಸಾರ್,” ಅಂದ ಮಾದಪ್ಪ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. “ಇವ ಕೋಳಿ ಕರ್ದ್ ಎಣ್ಣೇದು ತಿಂದವ್ನೆ. ಅಡ್ಗೆಮನೆ ಮೆಟ್ಲು ಹತ್ತಂಗಿಲ್ಲ. ಅವ್ರಪ್ಪನೇ ಯೇಳವ್ನೆ.”

ಸಾಲು ನಿಂತಿತು. ಬಾಯಲ್ಲಿದ್ದ ಗೋಬಿಯನ್ನು ಅಗಿಯುವುದನ್ನು ಕೆಲವರು ಬಿಟ್ಟರು. ಹಲ್ಲಿಲ್ಲದ ಮುದುಕರು ತಟ್ಟೆಯನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟರು. ಚಂದ್ರಕುಮಾರ್ ಅಪ್ಪನನ್ನು ಕರೆಸಿದರು. ಅಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದ, ಗುಂಪನ್ನು ನೋಡಿದ, ಮೊದಲು ನನ್ನ ಮುಖ ನೋಡಿದ. ಗೂಡ್ಲೂರಿನ ವಿಷಯ ನಾನು ಹೇಳಿಬಿಟ್ಟೆ ಎಂದು ತಿಳಿದ. ಅವನ ಮುಖದ ಬಣ್ಣ ಇಳಿದುಹೋಯಿತು.

“ನಿಜವೇನ್ರೀ ಪುಟ್ಟಮಲ್ಲಪ್ಪ? ನಿಮ್ ಮಗ...”

ಮಗ ಎಂದು ಕೇಳಿದ ಮೇಲೆ ಅವನಿಗೆ ಉಸಿರು ಬಂತು. “ನಿಜ ಬುದ್ಧಿ. ಕಲಿಯಕ್ ಓಗಿ ಕೆಟ್ಟ. ಇವತ್ತಿಂದ ಇವ ನನ್ ಒಲೆ ತಾವ ಬರಲ್ಲ. ವರ್ಸ ಅಲ್ಲ, ಎಂದೂ ಬರಲ್ಲ. ನಿಮ್ ಮುಂದೇನೇ ಯೇಳ್ತೀನಿ. ನನ್ ಒಲೇಲಿ ಅಂಥದ್ದು ಮುಟ್ಟಿದೋರು ಯಾರೂ ನಿಂತಿಲ್ಲ, ನಿಲ್ಲಲ್ಲ.”

ಯಾರೂ ನಿಂತಿಲ್ಲ. ಇನ್ನೂರು ಜನರ ಮುಂದೆ ಅಂದ. ನನ್ನ ಕಿವಿಯೊಳಗೆ ಜನರೇಟರ್ ಹೊಡೆದುಕೊಳ್ಳುತ್ತಿತ್ತು. ಬಾಂಡ್ಲಿಯಲ್ಲಿ ಕೊನೆಯ ಗೋಬಿ ಕೆಂಪಾಗುತ್ತಿತ್ತು. ನಾನು ಅದನ್ನು ಜಾಲರಿಯಿಂದ ತೆಗೆದು ಎಣ್ಣೆ ಬಸಿದೆ.

ಚಂದ್ರಕುಮಾರ್ ಬ್ಯಾಂಕಿನವರು. ಒಬ್ಬರ ಮಾತಿಗೆ ಬಿಡುವವರಲ್ಲ. ನನ್ನ ಕಡೆ ತಿರುಗಿದರು.

“ನೋಡಪ್ಪ, ಬೆಳಗ್ಗೆ ಸ್ವಾಮೇರು ಬರ್ತಾರೆ. ನಿಮ್ಮಪ್ಪನ ಮೇಲೆ ನಂಗೆ ಅನುಮಾನ ಇಲ್ಲ. ಆದ್ರೂ ಒಂದೇ ಮನೆ. ನೀನ್ ಹೆಂಗೂ ಸಿಕ್ಕಾಕ್ಕಂಡಿದ್ದೀಯ, ನಿಂಗೆ ಮುಚ್ಚಿಡೋದ್ ಏನೂ ಇಲ್ಲ. ಲಿಂಗ ಹಿಡ್ದು ಹೇಳು. ನಿಮ್ಮನೇಲಿ ಅಂಥದ್ದು ಮುಟ್ಟಿದೋನು ನೀನೊಬ್ನೇನಾ? ಇಲ್ಲ ಇನ್ಯಾರಾದ್ರೂ ಇದ್ದಾರಾ?”

ಅಪ್ಪ ನನ್ನ ಎದುರಿಗೇ ನಿಂತಿದ್ದ. ಟವೆಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಮುಗಿಯಲೂ ಇಲ್ಲ, ಬಿಡಲೂ ಇಲ್ಲ. ಮಾದಪ್ಪ ನನ್ನ ಬಾಯನ್ನೇ ನೋಡುತ್ತಿದ್ದ.

ನಾನು ಒಂದು ಒಲೆಯ ಗ್ಯಾಸ್ ಆರಿಸಿದೆ. ಇನ್ನೊಂದನ್ನೂ ಆರಿಸಿದೆ. ಜಾಲರಿಯನ್ನು ಬಾಂಡ್ಲಿಯ ಮೇಲೆ ಅಡ್ಡ ಇಟ್ಟೆ. ಏಪ್ರನ್ನಿನ ಗಂಟು ಬಿಚ್ಚಲು ಬರಲಿಲ್ಲ, ಹಾಗೇ ಇರಲಿ ಎಂದು ಬಿಟ್ಟೆ.

“ಏಯ್, ನಿನ್ನೇ ಕೇಳಿದ್ದು. ಇದ್ದಾರಾ, ಇಲ್ವಾ?” ಅಂದರು ಚಂದ್ರಕುಮಾರ್.

ಲಿಂಗಕ್ಕೆ ಕೈ ಹಾಕದೆ, ಸಾಲು ಬಿಟ್ಟುಕೊಟ್ಟ ದಾರಿಯಲ್ಲಿ ನಾನು ಗೇಟಿನ ಕಡೆ ನಡೆದೆ.